ಮಸರಕಲ್ ದಾರಿಯಲ್ಲಿ ಬಂಡಿ ಬಿಟ್ಟುಕೊಟ್ಟ ದಿನ

ನಾನು ಚಿಕ್ಕವಳಿದ್ದಾಗ ಕ್ರಿಸ್‌ಮಸ್ ಹತ್ತಿರ ಬಂತೆಂದರೆ ನಮ್ಮ ಎತ್ತಿನ ಬಂಡಿಗೆ ಬಿಡುವೇ ಇರುತ್ತಿರಲಿಲ್ಲ. ನಾವಿದ್ದುದು ದೇವದುರ್ಗದಲ್ಲಿ. ಚರ್ಚಿನ ಹಿರಿಯರಾಗಿದ್ದ ಅಪ್ಪ ಸುತ್ತಲಿನ ಹಳ್ಳಿಗಳಿಗೆ ಹೋಗಿ ಯೇಸು ಹುಟ್ಟಿದ ಹಾಡು ಹಾಡುತ್ತಿದ್ದರು.

ಆ ವರ್ಷ ರಾಯಚೂರಿನಲ್ಲಿ ಓದುತ್ತಿದ್ದ ಅಣ್ಣನೂ ಬಂದಿದ್ದ. ಅಲ್ಲಿನ ಪ್ರಾರ್ಥನಾ ಕೂಟಗಳಿಗೆ ಹೋಗಿ ಹೋಗಿ ಅವನ ಭಕ್ತಿಗೆ ಬಿಸಿ ಏರಿತ್ತು. ಹಾಡು ಬೇಡವೆಂದವರೆಲ್ಲ ಅವನ ಪಾಲಿಗೆ ದೇವರ ವೈರಿಗಳು.

ಬೆಳಿಗ್ಗೆ ಅಪ್ಪ, ಅಣ್ಣ, ನಾನು, ಹಾಡುವ ನಾಲ್ಕಾರು ಮಂದಿ ಮಸರಕಲ್ ಕಡೆ ಹೊರಟೆವು. ತೆನೆ ಹೊತ್ತ ಜೋಳದ ಹೊಲಗಳ ಮೇಲಿಂದ ಚಳಿಗಾಳಿ ಬೀಸುತ್ತಿತ್ತು. ಒಂದು ಹಳ್ಳಿಯಲ್ಲಿ ಬಂಡಿ ನಿಲ್ಲಿಸಿದ್ದೇ ಅಣ್ಣ ಡೋಲಕ್ ಬಾರಿಸತೊಡಗಿದ. ಎದುರು ಮನೆಯಿಂದ ವಿಭೂತಿ ಧರಿಸಿದ ಮುದುಕರೊಬ್ಬರು ಕೋಲು ಹಿಡಿದು ಓಡಿಬಂದರು.

"ಬಾರಿಸಬ್ಯಾಡ್ರಿ! ಮೊದ್ಲು ಇಲ್ಲಿಂದ ಹೋಗ್ರಿ!"

ಅಣ್ಣ ಕೆಂಪಾದ. ಬರಮಾಡಿಕೊಳ್ಳದ ಮನೆಯ ಧೂಳು ಝಾಡಿಸಿ ಹೋಗಿರಿ ಎಂದು ಬೈಬಲ್ ಹೇಳುವಂತೆ ಚಪ್ಪಲಿಯ ಧೂಳನ್ನು ಅವರ ಮುಂದೆಯೇ ಝಾಡಿಸಿ, "ದೇವರ ಸಿಟ್ಟು ಈ ಮನಿ ಮ್ಯಾಲೆ ಬೀಳಲಿ!" ಎಂದು ಕೂಗಿದ. ಮುದುಕರ ಮುಖ ಬಿಳಿಚಿಕೊಂಡಿತು. ನಾನು ಹೆದರಿ ಅಪ್ಪನ ಧೋತರ ಹಿಡಿದುಕೊಂಡೆ.

"ಬಾಯಿ ಮುಚ್ಚು. ಯೇಸುಸ್ವಾಮಿ ಯಾರ ಮನಿ ಸುಡಾಕೂ ಬಂದಿಲ್ಲ," ಎಂದರು ಅಪ್ಪ. ತಲೆಯ ರುಮಾಲು ತೆಗೆದು ಮುದುಕರಿಗೆ ಕೈಮುಗಿದರು. "ತಪ್ಪಾತ್ರಿ ಯಪ್ಪಾ. ಹುಡುಗ ತಿಳೀದ ಅಂದಾನ. ಹೊಟ್ಟ್ಯಾಗ ಹಾಕ್ಕೋರಿ."

ಮುದುಕರು ಕಟ್ಟೆಯ ಮೇಲೆ ಕುಸಿದು ಕುಳಿತರು. "ಒಳಗ ಸೊಸಿ ನಿನ್ನೆಯಿಂದ ಹೆರಿಗಿ ಬ್ಯಾನಿ ತಿನ್ನಾಕತ್ತಾಳ್ರಿ. ದವಾಖಾನಿಗೆ ಒಯ್ಯಾಕ ಬಂಡಿ ತರ್ತೀನಂತ ಹೋದ ಮಗ ಇನ್ನೂ ಬಂದಿಲ್ಲ."

ಅಪ್ಪ ಕೂಡಲೇ ಬಂಡಿಯಲ್ಲಿದ್ದುದನ್ನೆಲ್ಲ ಇಳಿಸಿದರು. ಹುಲ್ಲು ಹಾಸಿ ಕೌದಿ ಹರವಿದರು. ಓಣಿಯ ಹೆಂಗಸರು ಸೊಸೆಯನ್ನು ಎತ್ತಿ ಮಲಗಿಸಿದರು, ಮುದುಕರೂ ಬಂಡಿ ಹತ್ತಿದರು. ಕಲ್ಲಿನಂತೆ ನಿಂತಿದ್ದ ಅಣ್ಣನಿಗೆ ಎತ್ತಿನ ಹಗ್ಗ ಕೊಟ್ಟು, "ನೀನ ಹೊಡಿ. ಜೋಪಾನ," ಎಂದರು ಅಪ್ಪ. ಬಂಡಿ ದೇವದುರ್ಗದ ಕಡೆ ಹೋಯಿತು. ಡೋಲಕ್ಕನ್ನು ಹೆಗಲಿಗೇರಿಸಿಕೊಂಡ ಅಪ್ಪನ ಹಿಂದೆ ನಾವು ನಡೆದೇ ಊರು ಸೇರಿದೆವು.

ಹೊತ್ತು ಮುಳುಗುವಾಗ ಅಣ್ಣ ಬಂದ. ಕಣ್ಣು ಊದಿದ್ದವು.

"ಹೆಣ್ಣು ಕೂಸು. ತಾಯಿ, ಮಗು ಆರಾಮ ಅದಾರ," ಎಂದ. ಎತ್ತುಗಳ ಕೊರಳು ಬಿಚ್ಚುತ್ತ, "ಆ ಹಿರಿಯಾರು ನನ್ನ ಕಾಲಿಗೆ ಬೀಳಾಕ ಬಂದ್ರಪ್ಪಾ. ಅವರಕಿನ್ನ ಮೊದ್ಲು ನಾನ ಬಿದ್ದೆ," ಎಂದ.

ಅಪ್ಪ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಸಿ ರೊಟ್ಟಿ ತರಿಸಿದರು.

ಮಕ್ಕಳೇ, ಈಗ ಫೋನ್ ಮಾಡಿದರೆ ಆಂಬುಲೆನ್ಸ್ ಬಾಗಿಲಿಗೇ ಬರುತ್ತದೆ. ಅಂದು ನಾವು ನಡೆದ ದಾರಿಗೆ ಡಾಂಬರು ಬಿದ್ದಿದೆ, ನಿಮ್ಮ ಬಸ್ಸು ಅದನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ದಾಟುತ್ತದೆ. ಆದರೆ ಮುಚ್ಚಿದ ಬಾಗಿಲ ಹಿಂದೆ ಯಾರು ನರಳುತ್ತಿದ್ದಾರೋ, ಅದನ್ನು ಮಾತ್ರ ನೀವೂ ನಿಂತು ಕೇಳಿಯೇ ತಿಳಿಯಬೇಕು.