ಭಾವನ ಹಳೆಯ ಸ್ಪೀಕರ್, ನನ್ನ ಹೊಸ ಸ್ಪೀಕರ್

ನಿಟ್ಟುವಳ್ಳಿಯ ನಮ್ಮ ಮನೆಗೆ ಹೊಸ ಸ್ಪೀಕರುಗಳು ಬಂದ ವಾರವೇ ಹರಿಹರದಿಂದ ಭಾವ ಬಂದರು. ಅಕ್ಕನ ಗಂಡ, ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ನನ್ನವು ಯಾವ ವಿದೇಶಿ ಕಂಪನಿಯವೋ ಅದೇ ಕಂಪನಿಯ ಮೂವತ್ತು ವರ್ಷ ಹಳೆಯ ಜೋಡಿ ಅವರ ಮನೆಯಲ್ಲಿದೆ. ಅದನ್ನು ಕೇಳಿ ಕೇಳಿಯೇ ನನಗೂ ಈ ಹುಚ್ಚು ಹತ್ತಿದ್ದು.

ಭಾವ ಕೂತು ಕೇಳಲೂ ಇಲ್ಲ. ಪೆಟ್ಟಿಗೆಯ ಬೆನ್ನು ತಿರುಗಿಸಿ, ಕನ್ನಡಕ ಏರಿಸಿಕೊಂಡು ಓದಿದರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಟ್ಟದೆ ಎದ್ದ ಹಾಗೆ ಎದ್ದರು.

"ಇದು ಕಂಪನಿ ಮಾರಿದ ಮ್ಯಾಲಿನ ಮಾಲು. ಹೆಸರು ಅದೇ ಐತೆ, ಕೈ ಅದಲ್ಲ."

ಕಂಪನಿಯನ್ನು ಕಟ್ಟಿದ ಮನೆತನದವರು ಅದನ್ನು ಯಾರಿಗೋ ಮಾರಿದ್ದೂ, ಅವರು ಮತ್ತೊಬ್ಬರಿಗೆ ದಾಟಿಸಿದ್ದೂ ನನಗೆ ಗೊತ್ತಿತ್ತು. ಗುಣಮಟ್ಟ ಹಾಗೇ ಇದೆ ಎಂದು ವಾದಿಸಿದೆ. ಇಲ್ಲ ಎಂದು ಅವರು. ಎರಡು ವಾರ ಫೋನಿನಲ್ಲೂ ಇದೇ ನಡೆಯಿತು. ಕೊನೆಗೆ ನನ್ನ ಹೆಂಡತಿ, ಎರಡನ್ನೂ ಪರದೆಯ ಹಿಂದಿಟ್ಟು ಕೇಳಿ ತೀರ್ಮಾನ ಮಾಡಿಕೊಳ್ಳಿ, ನನ್ನ ಕಿವಿ ಬಿಡಿ ಎಂದಳು.

ಭಾನುವಾರ ಬೆಳಿಗ್ಗೆ ಭಾವ ಗೂಡ್ಸ್ ಆಟೋದಲ್ಲಿ ಬಂದರು. ಸ್ಪೀಕರುಗಳಿಗೆ ಕೌದಿ ಹೊದಿಸಿ, ತಾವು ಹಿಂದೆ ಅವುಗಳನ್ನು ತಬ್ಬಿಕೊಂಡು ಕೂತಿದ್ದರು. ಮುಂದೆ ಡ್ರೈವರ್ ಪಕ್ಕದಲ್ಲಿ ಹರಿಹರ ಸ್ಟೇಷನ್ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿರುವ ಚಾಚಾ. ವೈರು ಜೋಡಿಸುವುದಕ್ಕೂ ಪಂಚಾಯ್ತಿಗೂ ಇರಲಿ ಎಂದು ಭಾವನೇ ಕರೆತಂದಿದ್ದರು.

ಹಾಲಿನಲ್ಲಿ ಬೆಡ್‌ಶೀಟ್ ಕಟ್ಟಿದೆವು. ಅದರ ಹಿಂದೆ ಕೂತು ಹೆಂಡತಿ ಒಮ್ಮೆ ಇದನ್ನು, ಒಮ್ಮೆ ಅದನ್ನು ಹಚ್ಚಿದಳು. ಭಾವ ಕಣ್ಣು ಮುಚ್ಚಿ, ಜಪಕ್ಕೆ ಕೂತವರಂತೆ ಕೇಳಿದರು. ಪ್ರತಿಸಲವೂ ತಮ್ಮದನ್ನು ಸರಿಯಾಗಿ ಗುರುತಿಸಿದರು. ತಬಲಾ ಬಾರಿಸುವವನ ಉಂಗುರ ತಗುಲಿದ್ದೂ ಕೇಳುತ್ತದೆ ಎಂದರು. ಉಂಗುರದ ಮಾತು ಬಿಟ್ಟರೂ, ಹಳೆಯದರಲ್ಲಿ ಹಾಡುವವರ ಗಂಟಲು ಹತ್ತಿರವಿತ್ತು. ನನ್ನ ಮುಖ ಸಣ್ಣದಾಯಿತು.

"ಇದು ಆ ಮನೆತನದವರ ಕೈ," ಎಂದು ಭಾವ ಚಾಚಾನ ಕಡೆ ತಿರುಗಿದರು.

ಚಾಚಾ ಚಹಾದ ಲೋಟ ಕೆಳಗಿಟ್ಟರು.

"ಆ ಕೋನ್ ನಂದು, ಸರ್."

ಹನ್ನೆರಡು ವರ್ಷದ ಹಿಂದೆ ಭಾವ ಉಕ್ಕಡಗಾತ್ರಿ ಜಾತ್ರೆಗೆ ಹೋಗಿದ್ದಾಗ, ಅಕ್ಕ ಜೇಡರ ಬಲೆ ತೆಗೆಯುತ್ತಾ ಪೊರಕೆಯ ಕೋಲನ್ನು ಒಂದು ಸ್ಪೀಕರಿನೊಳಗೆ ತೂರಿಸಿಬಿಟ್ಟಿದ್ದಳಂತೆ. ಅಳುತ್ತಾ ಎರಡನ್ನೂ ಅಂಗಡಿಗೆ ಹೊತ್ತು ತಂದಿದ್ದಳು. ಜೋಡಿ ಒಂದೇ ಥರ ಕೇಳಬೇಕೆಂದು ಚಾಚಾ ಎರಡರೊಳಗೂ ಅದುರಿ ಸದ್ದು ಹೊರಡಿಸುವ ಕಾಗದದ ಕೋನನ್ನು ಬದಲಿಸಿದರು. ಕಾಗದ ಇವರದು, ತಂತಿ ಸುತ್ತಿದ್ದೂ ಇವರೇ. ಯಾರಿಗೂ ಹೇಳಬಾರದೆಂದು ಅಕ್ಕ ಆಣೆ ಹಾಕಿಸಿದ್ದಳು.

"ಹನ್ನೆರಡು ವರ್ಷ ನೀವು ಊರ ತುಂಬ ವಿಲಾಯಿತಿ ಕೈ ಅಂತ ಹೊಗಳ್ತಾ ಬಂದ್ರಿ. ನಾ ಸುಮ್ಕಿದ್ದೆ. ಇವತ್ತು ಆಗಲಿಲ್ಲ."

ಭಾವ ವರಾಂಡಕ್ಕೆ ಹೋಗಿ ಅಕ್ಕನಿಗೆ ಫೋನ್ ಮಾಡಿದರು. ಸ್ಪೀಕರ್ ಫೋನ್ ಆಫ್ ಮಾಡಲು ಮರೆತಿದ್ದರಿಂದ ಅವಳ ಉತ್ತರ ಒಳಗೂ ಕೇಳಿಸಿತು. "ಇಷ್ಟು ವರ್ಷ ಹೆಂಗ ಕೇಳ್ತಿತ್ತು, ಅದನ್ನ ಹೇಳ್ರಿ."

ಭಾವ ಫೋನ್ ಇಟ್ಟರು. ಒಳಗೆ ಬಂದು ನನ್ನ ಸ್ಪೀಕರನ್ನು ಬಿಚ್ಚಿಸಿದರು. ಚಾಚಾ ಟಾರ್ಚ್ ಹಾಕಿ ನೋಡಿ, ಅಂಟು ಚೊಕ್ಕಟವಾಗಿದೆ, ಹಲಗೆ ಮಾತ್ರ ತೆಳುವಾಗಿದೆ, ಕೆಟ್ಟ ಮಾಲೇನಲ್ಲ ಎಂದರು. ನನ್ನದಕ್ಕೂ ಕೋನ್ ಮಾಡಿಕೊಡಿ ಎಂದು ಕೇಳಿದೆ. ಒಪ್ಪಲಿಲ್ಲ. "ಮೊದ್ಲು ಅದು ಹರೀಲಿ ಸರ್," ಎಂದು ಸ್ಕ್ರೂ ಬಿಗಿದರು.

ಭಾವ ಈಗಲೂ ಮನೆಗೆ ಬಂದವರನ್ನು ಆ ಸ್ಪೀಕರುಗಳ ಮುಂದೆ ಕೂರಿಸುತ್ತಾರೆ. ಮಾಲೀಕರು ಬದಲಾದ ಕಂಪನಿಗಳ ಮೇಲಿನ ಭಾಷಣವೂ ನಿಂತಿಲ್ಲ. ಆದರೆ ವಿಲಾಯಿತಿ ಎನ್ನುವ ಕಡೆಯಲ್ಲೆಲ್ಲ ಈಗ ಹರಿಹರ ಎನ್ನುತ್ತಾರೆ, ಅಷ್ಟೇ ಜೋರಾಗಿ.