ಊಟವಾದ ಮೇಲೆ ಒಂದು ಗುಳಿಗೆ

ಬಿಪಿ ಗುಳಿಗೆಯ ಕರಪತ್ರವನ್ನು ಕನ್ನಡದಲ್ಲಿ ಬರೆದವಳು ನಾನೇ. ಮಿಯಾಪುರದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಕಡೆ ತಗಡಿನ ಶೆಡ್ಡುಗಳಲ್ಲಿ ಇರುವವರು ಹೆಚ್ಚಾಗಿ ಯಾದಗಿರಿ, ರಾಯಚೂರು ಕಡೆಯವರು. ಈ ಊರಿನ ತೆಲುಗು ಮಾತಾಡುತ್ತಾರೆ, ಅದನ್ನು ಓದಲು ಬರುವುದಿಲ್ಲ. ಅವರಿಗೊಂದು ಕನ್ನಡದ ಕಾಗದ ಬೇಕೇ ಬೇಕು ಎಂದು ನಮ್ಮ ಆರೋಗ್ಯ ಸಂಸ್ಥೆಯಲ್ಲಿ ಜಗಳವಾಡಿ ಒಪ್ಪಿಸಿದ್ದೆ.

ಒಪ್ಪಿಸಿದ ಮೇಲೆ ಶುರುವಾಯಿತು ನೋಡಿ ಗೋಳು. ಡಾಕ್ಟರ್ ಸಾಹೇಬರಿಗೆ ‘ಅಧಿಕ ರಕ್ತದೊತ್ತಡ’ ಎಂದೇ ಇರಬೇಕು. ಬಿಪಿ ಅಂದರೆ ಇಟ್ಟಿಗೆ ಹೊರುವವರಿಗೂ ಗೊತ್ತು ಸರ್ ಎಂದೆ. ಆ ಒಂದು ಪದಕ್ಕೆ ಮೂರು ಮೀಟಿಂಗು, ಮೂರು ಸಲ ಸಮೋಸ. ಕೊನೆಗೆ ಗೆದ್ದೆ. ಗೆದ್ದ ಹುಮ್ಮಸ್ಸಿನಲ್ಲಿ ಇನ್ನೊಂದು ಜಾಣತನ ಮಾಡಿದೆ. ಆ ಗುಳಿಗೆಗೆ ಊಟದ ಹಂಗಿಲ್ಲ; ಉಂಡರೂ ನಡೆಯುತ್ತದೆ, ಉಣ್ಣದಿದ್ದರೂ ನಡೆಯುತ್ತದೆ. ಆದರೆ ಕೆಲಸದ ಗಡಿಬಿಡಿಯಲ್ಲಿ ಮರೆತಾರು, ಊಟಕ್ಕೆ ಗಂಟು ಹಾಕಿದರೆ ನೆನಪಿರುತ್ತದೆ ಎಂದು, ‘ದಿನಾ ಬೆಳಿಗ್ಗೆ ಊಟವಾದ ಮೇಲೆ ಒಂದು ಗುಳಿಗೆ’ ಎಂದು ಬರೆದೆ. ಎಲ್ಲರೂ ಮೆಚ್ಚಿದರು. ನಾನೂ ಉಬ್ಬಿದೆ.

ಶೆಡ್ಡುಗಳಲ್ಲಿ ಅದನ್ನು ಮಂದಿಗೆ ಓದಿ ಹೇಳುತ್ತಿದ್ದವಳು ಒಬ್ಬ ಕೂಲಿ ಹೆಂಗಸು. ಐವತ್ತರ ಹತ್ತಿರ ವಯಸ್ಸು, ಏಳನೇ ಇಯತ್ತೆ ಪಾಸು. ಅವಳಿಗೂ ಬಿಪಿ ಇತ್ತು. ಕರಪತ್ರವನ್ನು ಅನ್ನದ ಅಗುಳು ಹಚ್ಚಿ ತಗಡಿಗೆ ಅಂಟಿಸಿಕೊಂಡಿದ್ದಳು. ಅದನ್ನು ಕಂಡಾಗಲೆಲ್ಲ ನಾನು ಪಟ್ಟ ಪಾಡು ಸಾರ್ಥಕ ಅನಿಸುತ್ತಿತ್ತು.

ಶ್ರಾವಣ ಮುಗಿಯುವ ಹೊತ್ತಿಗೆ ಅವಳಿಗೆ ಲಕ್ವ ಹೊಡೆಯಿತು. ಸುದ್ದಿ ತಿಳಿದ ಬೆಳಿಗ್ಗೆಯೇ ಆಸ್ಪತ್ರೆಗೆ ಓಡಿದೆ. ಬಲಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಮಗಳು ಗುಳಿಗೆಯ ಪಟ್ಟಿ ತೋರಿಸಿದಳು. ಅಷ್ಟೊತ್ತಿಗೆ ಮುಗಿದಿರಬೇಕಿದ್ದ ಹತ್ತು ಹನ್ನೆರಡು ಗುಳಿಗೆ ಹಾಗೇ ಕೂತಿದ್ದವು. ನನಗೆ ಸಿಟ್ಟು ನೆತ್ತಿಗೇರಿತು. ಹಾಸಿಗೆ ಹಿಡಿದವಳು ಎಂಬುದನ್ನೂ ನೋಡದೆ ಕೇಳಿಬಿಟ್ಟೆ.

“ಊರ ಮಂದಿಗೆಲ್ಲ ಓದಿ ಹೇಳ್ತಿದ್ರಿ. ನೀವ ಯಾಕ ತಗೊಳ್ಳಿಲ್ರಿ ಅಕ್ಕಾ?”

“ಸೋಮವಾರ ಉಪಾಸ ಇರತೀನ್ರಿ,” ಎಂದಳು, ಒಂದೊಂದೇ ಮಾತು ಎಳೆದು. “ಶ್ರಾವಣದಾಗ ಶುಕ್ರವಾರ, ಶನಿವಾರನೂ. ರಾತ್ರಿನ ಉಣ್ಣೋದು. ಮುಂಜಾನಿ ಉಣ್ಣದೇ ಗುಳಿಗಿ ಹೆಂಗ ತಗೊಳ್ಳೋದ್ರಿ? ನೀವ ಬರದೀರಲ್ರಿ.”

ಇದೇ ಊರಿನ ತಾರ್ನಾಕದ ನಮ್ಮ ಮನೆಯಲ್ಲಿ ಅವ್ವ ಇಂದಿಗೂ ಸೋಮವಾರ ಒಪ್ಪತ್ತು. ಅವತ್ತು ಬೆಳಿಗ್ಗೆ ಅವಳಿಗೆ ಚಹಾ ಬಿಟ್ಟರೆ ಬೇರೇನೂ ಕೊಡಬಾರದು ಎಂದು ಗೊತ್ತಿರುವ ನನಗೆ, ಕರಪತ್ರ ಬರೆಯುವಾಗ ಅದು ಹೊಳೆಯಲೇ ಇಲ್ಲ. ಡಾಕ್ಟರನ್ನು ಬೈದುಕೊಂಡು ತಿರುಗಿದ ನಾನೇ ಇದನ್ನು ಮಾಡಿದ್ದೆ. ನಾಚಿಕೆಗಿಂತ ಹೆಚ್ಚಾಗಿ ನನ್ನ ಮೇಲೆ ನನಗೇ ರೇಗಿತು.

ಹೊರಗೆ ಬಂದು ಆಫೀಸಿಗೆ ಫೋನ್ ಮಾಡಿದೆ. ಆ ಸಾಲು ತೆಗೆದು ಹೊಸದಾಗಿ ಅಚ್ಚು ಹಾಕಿಸಿ ಎಂದೆ. ಈಗಿರುವ ಕಟ್ಟುಗಳು ಮೊದಲು ಖಾಲಿಯಾಗಲಿ, ಹೇಗೂ ಆ ಜನ ಓದುವುದಿಲ್ಲವಲ್ಲ ಎಂದರು. ಅವಳು ಓದಿದ್ದಕ್ಕೇ ಹೀಗಾಗಿದೆ ಎಂದು ಕೂಗಿ ಫೋನಿಟ್ಟೆ. ವಾರ್ಡಿನ ಬಾಗಿಲಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಒಳಗೆ ಹೋಗಿ ಅವಳ ಪಕ್ಕ ಕೂತೆ. “ಉಪಾಸ ಇದ್ರೂ ತಗೋಬೇಕ್ರಿ ಅಕ್ಕಾ. ನೀವು ಸರಿನ ಓದೀರಿ. ನಾನ ತಪ್ಪು ಬರದೀನಿ.”

ಅವಳು ನನ್ನನ್ನು ಬೈಯಲಿಲ್ಲ. ಎಡಗೈಯಿಂದ ನನ್ನ ಕೈ ಹಿಡಿದು ಏಳಲು ನೋಡಿದಳು, ಆಗಲಿಲ್ಲ.

“ನಮ್ಮ ಶೆಡ್ಡಿನ ಸಾಲಿನ್ಯಾಗ ಬಿಪಿ ಇದ್ದವರು ಇನ್ನೂ ಆರು ಮಂದಿ ಅದಾರ್ರಿ,” ಎಂದಳು. “ಉಪಾಸ ಇದ್ದ ದಿನ ಗುಳಿಗಿ ಬ್ಯಾಡಂತ ಅವರಿಗೆ ನಾನ ಹೇಳೀನಿ. ಇವತ್ತ ಶನಿವಾರ ಐತಿ. ನೀವು ಮೊದಲ ಅಲ್ಲಿ ಹೋಗ್ರಿ.”