ಬಲೆಗೆ ಬಿದ್ದ ನವಿಲಿನ ಉಪಚಾರ

ಸ್ನೇಹಿತರೇ, ಇವತ್ತು ಕಳ್ಳನಿಗೆ ನಾವೇ ಉಪಚಾರ ಮಾಡಿ ಬಂದೆವು.

ಬೆಳಂಬಾರದಲ್ಲಿ ನಾವು ನಾಲ್ಕಾರು ಮನೆಯವರು ಸೇರಿ ಮಾಡುವ ಶೇಂಗಾ ಗದ್ದೆಯಿದೆ. ಮೊದಲು ಬಿತ್ತಿದ್ದರ ಮೊಳಕೆಯನ್ನೆಲ್ಲ ನವಿಲುಗಳು ಕಿತ್ತು ತಿಂದವು. ಇವತ್ತು ಮತ್ತೆ ಬಿತ್ತುವುದಿತ್ತು. ಅದಕ್ಕೇ ನಿನ್ನೆ ಬೇಲೆಕೇರಿಯಿಂದ ಹಳೆಯ ಮೀನುಬಲೆ ತಂದು ಗದ್ದೆಯ ಸುತ್ತ ಕಟ್ಟಿದ್ದೆವು. ಬೆಳಿಗ್ಗೆ ನೋಡಿದರೆ ಬಲೆಯಲ್ಲಿ ನವಿಲೊಂದು ಸಿಕ್ಕಿಕೊಂಡು ಒದ್ದಾಡುತ್ತಿದೆ.

"ಬೇಗ ಬಲೆ ಕೊಯ್ರೋ! ಸತ್ರೆ ಕೇಸು ನಮ್ಮ ಮೇಲೇ ಬತ್ತದೆ!" ಎಂದು ಗಣಪಣ್ಣ ಕೂಗಿದ. ಬಲೆ ಹೊತ್ತು ತಂದವನೂ ಅವನೇ.

ಆಳೆತ್ತರಕ್ಕೆ ಬಲೆ ಕೊಯ್ದು ಬಿಡಿಸಿದೆವು. ನವಿಲು ಏಳಲಿಲ್ಲ. ನೀರಿಟ್ಟರೆ ಮುಟ್ಟಲಿಲ್ಲ. ಕೊನೆಗೆ ಸುಮಿತ್ರಕ್ಕ ಬಿತ್ತಲೆಂದು ತಂದಿದ್ದ ಬೀಜವನ್ನೇ ಅಂಗೈಯಲ್ಲಿ ಹಿಡಿದಳು.

"ತಿನ್ನೋ ಮಾರಾಯ. ತಿಂದು ಎದ್ದು ಹೋಗು. ಇಲ್ಲಿ ಮಾತ್ರ ಸಾಯ್ಬೇಡ."

ತಿಂದಿತು, ಎದ್ದಿತು. ಆದರೆ ಗುಡ್ಡದ ಕಡೆ ಹೋಗಲಿಲ್ಲ. ನಾವೇ ಕೊಯ್ದ ಕಿಂಡಿಯಿಂದ ಗದ್ದೆಯೊಳಗೆ ನಡೆಯಿತು. ಯಾರಿಗೂ ಓಡಿಸುವ ಮನಸ್ಸಾಗಲಿಲ್ಲ. ಅಲ್ಲಿ ಉಳಿದದ್ದಾದರೂ ಏನು?

ಅದಕ್ಕೂ ಅದು ಗೊತ್ತಾಯಿತೇನೋ. ತಿರುಗಿ ಬಂದು, ಸುಮಿತ್ರಕ್ಕನ ಕೈ ನೋಡುತ್ತ ನಿಂತಿತು.